ಅಮ್ಮನ ಹದಿನೈದು ಕೆಜಿ

ಬಂಗಾರಪೇಟೆ ಸೀಮೆಯಲ್ಲಿ ತಕ್ಕಡಿಗೆ ನಾಚಿಕೆ ತರಿಸಿದ ಕೈ ಒಂದೇ ಒಂದು, ಅದು ಮುನಿಶಾಮಮ್ಮನದು. ಇಪ್ಪತ್ತೆರಡು ವರ್ಷ ಟೊಮೆಟೊ ಮಂಡಿಯಲ್ಲಿ ಬಾಕ್ಸ್ ತುಂಬಿದವಳು. ಬಾಕ್ಸಿಗೆ ಹದಿನೈದು ಕೆಜಿ. ಕಾಯಿ, ದೋರೆ, ಹಣ್ಣು ಎಂದು ಆರಿಸಿ ತುಂಬಿ, ಬಾಕ್ಸಿನ ಎರಡು ಅಂಚು ಹಿಡಿದು ಮೊಣಕಾಲೆತ್ತರಕ್ಕೆ ಎತ್ತಿ, ತುಟಿ ಓರೆ ಮಾಡಿ, “ಒಂದೂವರೆ ಕಮ್ಮಿ” ಎನ್ನುತ್ತಿದ್ದಳು. ಯಂತ್ರದ ಮೇಲಿಟ್ಟರೆ ಒಂದೂವರೆಯೇ ಕಮ್ಮಿ. ಯಂತ್ರ ಕೆಟ್ಟ ದಿನ ಮಂಡಿಯ ಯಜಮಾನರು ರಿಪೇರಿಯವನಿಗೆ ಫೋನು ಮಾಡುವ ಮೊದಲು ಇವಳನ್ನು ಕೂಗುತ್ತಿದ್ದರು. ಅರ್ಜುನನಿಗೆ ಮೀನಿನ ಕಣ್ಣು ಹೇಗೋ ಇವಳಿಗೆ ಹದಿನೈದು ಕೆಜಿ ಹಾಗೆ. ಅದರ ಆಚೆ ಈಚೆ ಏನೂ ಕಾಣದು. ಅರ್ಜುನನಿಗೆ ಮಾತ್ರ ಅದರಿಂದ ದ್ರೌಪದಿ ಸಿಕ್ಕಿದಳು, ಇವಳಿಗೆ ಸೊಂಟನೋವು ಸಿಕ್ಕಿತು.

ಒಂದೂವರೆ ವರ್ಷದ ಹಿಂದೆ ಮುನಿಶಾಮಮ್ಮ ಮಂಡಿ ಬಿಟ್ಟಳು. ಮಗಳು ರಾಧಾಮಣಿಯೂ ಅವಳ ಮಕ್ಕಳೂ ಇವಳ ಮನೆಯಲ್ಲೇ ಇದ್ದರು. ಅಳಿಯ ನರೇಶ್ ಗುಜರಾತಿನ ಬಂದರಿನಲ್ಲಿ ಕ್ರೇನ್ ಓಡಿಸುತ್ತಾನೆ. ಅವನಪ್ಪ ಉರಿಗಾಂ ಚಿನ್ನದ ಗಣಿಯಲ್ಲಿ ಆಳುಗಳನ್ನು ಭೂಮಿಯೊಳಕ್ಕೆ ಇಳಿಸುವ ಯಂತ್ರ ನಡೆಸುತ್ತಿದ್ದವನು. ಮಗ ಹಡಗಿನಿಂದ ಪೆಟ್ಟಿಗೆ ಮೇಲೆತ್ತುತ್ತಾನೆ. ವಂಶದ ಕಸುಬು ಒಂದೇ, ದಿಕ್ಕು ಬೇರೆ. ಅವನು ಅಲ್ಲಿ ಹತ್ತು ಜನರ ಜೊತೆ ಒಂದು ಕೋಣೆಯಲ್ಲಿದ್ದುದರಿಂದ ಇಲ್ಲಿ ಮೂರು ವರ್ಷದ ತ್ರಿವೇಣಿಗೂ ಹನ್ನೊಂದು ತಿಂಗಳ ಚಿರಂಜೀವಿಗೂ ಅಜ್ಜಿಯೇ ಅಪ್ಪ. ಚಿರು ಅವಳ ಕಾಲಿನ ಮೇಲೆ ಬೋರಲು ಮಲಗಿದರೆ ಮಾತ್ರ ಸ್ನಾನ ಮಾಡಿಸಿಕೊಳ್ಳುವನು, ಅವಳ ಹೆಗಲ ಮೇಲಾದರೆ ಮಾತ್ರ ನಿದ್ದೆ ಹೋಗುವನು. ಈ ಮಕ್ಕಳು ಒಂದು ದಿನ ಹೊರಟುಬಿಡುತ್ತಾರಲ್ಲ ಎಂಬುದೊಂದೇ ಅವಳಿಗೆ ಅನ್ನ ಇಳಿಯದಂತೆ ಮಾಡುತ್ತಿದ್ದ ಯೋಚನೆ.

ಮಾರ್ಚ್ ತಿಂಗಳಲ್ಲಿ ಫೋನು ಬಂತು. ರಾಧಾಮಣಿ ಸ್ಪೀಕರ್ ಹಾಕಿದ್ದಳು.

“ಕ್ವಾರ್ಟರ್ಸ್ ಸಿಕ್ತು ರಾಧಾ. ಏಪ್ರಿಲ್ ಹನ್ನೆರಡಕ್ಕೆ ಫ್ಲೈಟು. ಎರಡು ಮಕ್ಳನ್ನ ನೀನೊಬ್ಳೇ ಇಡ್ಕೊಂಡು ಬರಕ್ಕಾಗಲ್ಲ. ಅಮ್ಮಂಗೂ ಟಿಕೆಟ್ ಮಾಡ್ಸಿದೀನಿ. ಬಂದು ಆರು ತಿಂಗ್ಳು ಇರ್ಲಿ.”

ಒಗೆಯುವ ಕಲ್ಲಿನ ಹತ್ತಿರ ಹಾಲಿನ ಬಾಟಲಿ ಉಜ್ಜುತ್ತಿದ್ದ ಮುನಿಶಾಮಮ್ಮನ ಕೈ ನಿಂತಿತು. ಐದು ವರ್ಷದಿಂದ ಈ ಅಳಿಯ ಅವಳನ್ನು ಕರೆದದ್ದು ‘ಅತ್ತಮ್ಮ’ ಎಂದು, ಅದೂ ಆ ತಕಾರದ ಮೇಲೆ ಕಾಲೂರಿ ನಿಂತು. ಇವತ್ತು ‘ಅತ್ತ’ ಉದುರಿ ‘ಅಮ್ಮ’ ಉಳಿದಿತ್ತು.

“ಕೇಳುಸ್ಕೊಂಡ್ಯೇನೇ? ಅಮ್ಮ ಅಂದ.”

“ಊಂ ಕಣಮ್ಮ, ನೀನೂ ಬತ್ತೀಯ!” ಎಂದು ಮಗಳು ಕುಣಿದಳು. ಅವಳಿಗೂ ಅನುಮಾನ ಬರುವ ಹಾಗಿರಲಿಲ್ಲ. ಅವಳ ಪ್ರಪಂಚದಲ್ಲಿ ಅಮ್ಮ ಅಂದರೆ ಒಬ್ಬಳೇ. ಗಂಡನ ತಾಯಿ ಅನಸೂಯಮ್ಮ ‘ಅತ್ತೆ’. ಒಂದೊಂದು ಮದುವೆಗೂ ಎರಡೆರಡು ಅಮ್ಮಂದಿರನ್ನು ಕೊಟ್ಟ ದೇವರು ಪದ ಮಾತ್ರ ಒಂದೇ ಕೊಟ್ಟು ಕೈತೊಳೆದುಕೊಂಡಿದ್ದಾನೆ.

ಸುದ್ದಿ ಹಾಲಿನ ಡೇರಿಗೆ ಹೋಯಿತು, ಅಲ್ಲಿಂದ ಊರಿಗೆ ಹೋಯಿತು. “ವಿಮಾನ ಏನ್ ಬಿಡು, ಕಾಸಿದ್ರೆ ಯಾರ್ ಬೇಕಾದ್ರೂ ಅತ್ತಬೋದು. ನಮ್ ಅಳಿಯ ಅಮ್ಮ ಅಂತಾನೆ” ಎಂದು ಮುನಿಶಾಮಮ್ಮ ಸಾಲಿನಲ್ಲಿ ನಿಂತವರಿಗೆಲ್ಲ ಹೇಳಿದಳು. ಗಂಡ ಚಿಕ್ಕವೆಂಕಟಪ್ಪ ಮಾತ್ರ ಬೀಡಿ ಬಾಯಿಂದ ತೆಗೆಯದೆ, “ನೀನೋದ್ರೆ ಕೊಟ್ಗೇಲಿ ಅಸು ಕರೆಯೋರ್ಯಾರು?” ಎಂದ. ಮೂವತ್ತು ವರ್ಷದ ದಾಂಪತ್ಯದಲ್ಲಿ ಅವನು ಪ್ರೀತಿಯನ್ನು ಅದಕ್ಕಿಂತ ಸ್ಪಷ್ಟವಾಗಿ ಹೇಳಿದವನಲ್ಲ.

ಇನ್ನು ದಂಡಯಾತ್ರೆಯ ಸಿದ್ಧತೆ. ರಾಧಾಮಣಿ ಫೋನಿನಲ್ಲಿ ವಿಮಾನದ ಕಾನೂನು ಓದಿದಳು. “ತಲೆಗೆ ಅದಿನೈದು ಕೇಜಿ. ತ್ರಿವೇಣಿಗೂ ಸೀಟೈತೆ, ಅವ್ಳಿಗೂ ಅದಿನೈದು.”

ಮುನಿಶಾಮಮ್ಮ ಕಣ್ಣರಳಿಸಿದಳು. “ಎಷ್ಟು ಅಂದೆ?”

“ಅದಿನೈದು.”

ಆಕಾಶದಲ್ಲಿ ಹಾರುವವರೂ ಟೊಮೆಟೊ ಮಂಡಿಯವರೂ ಒಂದೇ ತೂಕಕ್ಕೆ ಬಂದಿದ್ದರು! ವಿಮಾನದ ಮೇಲಿದ್ದ ಅವಳ ಅಂಜಿಕೆ ಆ ಕ್ಷಣಕ್ಕೆ ಹೋಯಿತು. “ಅಂಗಾರೆ ಮೂರು ಬಾಕ್ಸು. ಚಿರುಗೆಷ್ಟು?”

“ಮಡ್ಲಲ್ಲಿ ಕೂರೋ ಮಗೀಗೆ ಏನೂ ಇಲ್ವಂತೆ.”

“ಯಾವನ್ಲಾ ಅವ್ನು ಈ ಕಾನೂನು ಬರ್ದೋನು? ಮಕ್ಳನ್ನ ಎತ್ತಿ ಗೊತ್ತಿಲ್ವಾ ಅವ್ನಿಗೆ? ಮನೇಲಿ ಜಾಸ್ತಿ ಸಾಮಾನಿರೋದೇ ಈ ಗಿಡ್ಡಪ್ಪಂದು!” ಮಾತು ಸುಳ್ಳಲ್ಲ. ಬಾಟಲಿ ನಾಲ್ಕು, ಹಾಸುಬಟ್ಟೆ ಹದಿನಾರು, ಡೈಪರ್ ಒಂದು ಗುಡ್ಡ, ಸಾಂಬ್ರಾಣಿ ಬುಟ್ಟಿ, ಬಜೆ, ಕುಲಾವಿ, ಮೊಳಕೆ ಕಟ್ಟಿ ಒಣಗಿಸಿ ಬೀಸಿದ ರಾಗಿ ಹಿಟ್ಟು. ಎಂಟೂವರೆ ಕೆಜಿ ತೂಗುವ ಚಕ್ರವರ್ತಿಗೆ ಇಪ್ಪತ್ತು ಕೆಜಿ ಸಾಮಗ್ರಿ.

ಪೆಟ್ಟಿಗೆ ಕೊಳ್ಳಲು ಆಂಡರ್ಸನ್‌ಪೇಟೆಗೆ ಹೋದರು. ಅಂಗಡಿಯವನು ಚಕ್ರದ ಗಟ್ಟಿ ಸೂಟ್‌ಕೇಸೊಂದನ್ನು ಬೆರಳ ತುದಿಯಲ್ಲಿ ಉರುಳಿಸಿ ತೋರಿಸಿದ. ಮುನಿಶಾಮಮ್ಮ ಉರುಳಿಸಲಿಲ್ಲ, ಎತ್ತಿದಳು. “ಬರೀ ಪೆಟ್ಗೇನೇ ನಾಲ್ಕೂಕಾಲು ಕೇಜಿ ಐತಲ್ಲಪ್ಪಾ. ಇದ್ರಾಗೆ ಬಟ್ಟೆ ತುಂಬ್ಬೇಕೋ, ಬಟ್ಟೆ ಬದ್ಲು ಇದನ್ನೇ ಉಟ್ಕೋಬೇಕೋ?” ಅಂಗಡಿಯವನು ಚೀಟಿ ತಿರುಗಿಸಿ ನೋಡಿದ. ನಾಲ್ಕೂಕಾಲು. ಅದನ್ನು ಬದಿಗಿಟ್ಟು ಮುಕ್ಕಾಲು ಕೆಜಿಯ ಮೂರು ಬಟ್ಟೆ ಬ್ಯಾಗುಗಳನ್ನೂ ಕೈಯಲ್ಲಿ ಹಿಡಿಯಲು ಒಂದು ನೀಲಿ ಚೀಲವನ್ನೂ ಕೊಟ್ಟ.

ತುಂಬುವುದರಲ್ಲಿ ಅವಳದು ಮಂಡಿಯ ಶಾಸ್ತ್ರ. ಗಟ್ಟಿಯದು ಕೆಳಗೆ, ಮೆತ್ತಗಿನದು ಮೇಲೆ, ಸಂದು ಬಿಟ್ಟರೆ ಅಲುಗಾಡುತ್ತದೆ, ಅಲುಗಾಡಿದರೆ ಒಡೆಯುತ್ತದೆ. ರಾಧಾಮಣಿ ಒಂದು ಬ್ಯಾಗಿಗೆ ತ್ರಿವೇಣಿಯ ಬಟ್ಟೆ, ಇನ್ನೊಂದಕ್ಕೆ ಚಿರುದು ಎಂದು ಹೊರಟಾಗ ಕೈಮೇಲೆ ಏಟು ಬಿತ್ತು. “ಮೂರು ಬಾಕ್ಸಲ್ಲಿ ಒಂದು ದಾರೀಲಿ ಬಿದ್ದೋಯ್ತದೆ ಅಂತ್ಲೇ ತುಂಬ್ಬೇಕು ಕಣೆ. ಇಬ್ರುದೂ ಮೂರ್ರಾಗೂ ಇರ್ಬೇಕು. ಇಲ್ದಿದ್ರೆ ಒಂದು ಮಗ ಮದ್ವೆ ಗಂಡು, ಇನ್ನೊಂದು ಬರೀ ಮೈ!” ಕೈಚೀಲಕ್ಕೆ ದಾರಿಯ ಸಾಮಾನು: ಮಕ್ಕಳಿಗೆ ಎರಡೆರಡು ಜೊತೆ ಬಟ್ಟೆ, ವಾಂತಿ ಬಿದ್ದೀತೆಂದು ತಾಯಿಗೂ ಒಂದು ಚೂಡಿದಾರದ ಮೇಲಂಗಿ, ವಿಮಾನ ಏರುವಾಗ ಇಳಿಯುವಾಗ ಕಿವಿ ನೋಯದಿರಲು ಚಿರುಗೆ ಕುಡಿಸುವ ಹಾಲು.

ಅವಳ ಸ್ವಂತದ್ದು ಎರಡು ಸೀರೆ, ಎರಡು ರವಿಕೆ, ಎಲೆಅಡಿಕೆ ಚೀಲ. ಒಂದೂವರೆ ಕೆಜಿ. ತನ್ನ ಪಾಲಿನ ಉಳಿದ ಹದಿಮೂರೂವರೆಯನ್ನು ಮೊಮ್ಮಕ್ಕಳಿಗೆ ದಾನ ಮಾಡಿದಳು. ಕರ್ಣನೂ ಹತ್ತರಲ್ಲಿ ಒಂಬತ್ತು ಪಾಲು ಕೊಟ್ಟಿರಲಿಕ್ಕಿಲ್ಲ ಎಂದು ಸೊಂಟಕ್ಕೆ ಕೈಯಿಟ್ಟು ಮೂರು ಬ್ಯಾಗುಗಳನ್ನೂ ನೋಡಿದಳು.

ಹೊರಡಲು ಮೂರು ದಿನ ಇರುವಾಗ ನರೇಶ್ ಫೋನಿಗೆ ಟಿಕೆಟ್ ಕಳಿಸಿದ. ಏರ್‌ಪೋರ್ಟಿನ ಬಾಗಿಲಲ್ಲಿ ಪೊಲೀಸರು ಕಾಗದ ಕೇಳುತ್ತಾರೆಂದು ಯಾರೋ ಹೆದರಿಸಿದ್ದರಿಂದ ತಾಯಿ ಮಗಳು ಕುಪ್ಪುಸ್ವಾಮಿಯ ಜೆರಾಕ್ಸ್ ಅಂಗಡಿಗೆ ಹೋದರು. ಕುಪ್ಪುಸ್ವಾಮಿ ಕಾಗದ ತೆಗೆದು, ಕನ್ನಡಕ ಮೂಗಿನ ತುದಿಗೆ ತಂದು, ಹಾಜರಿ ಕರೆಯುವ ಮೇಷ್ಟರಂತೆ ಓದಿದ.

“ರಾಧಾಮಣಿ. ಸರಿ. ತ್ರಿವೇಣಿ, ಪಾಪ. ಚಿರಂಜೀವಿ, ಕೈಗೂಸು. ಅನಸೂಯಮ್ಮ.” ಕನ್ನಡಕದ ಮೇಲಿಂದ ನೋಡಿದ. “ಅನಸೂಯಮ್ಮ ನೀನೇನಾಮ್ಮಾ?”

“ನಾನು ಮುನಿಶಾಮಮ್ಮ.”

“ಇರುಮ್ಮಾ, ಇನ್ನೊಂದು ಪೇಜ್ ಐತೆ.” ಯಂತ್ರ ಗೊರಗೊರ ಎಂದಿತು. ಇಬ್ಬರೂ ಅದರ ಬಾಯಿಯನ್ನೇ ನೋಡಿದರು. ಕುಪ್ಪುಸ್ವಾಮಿ ಓದಿದ. “ಇದ್ರಲ್ಲೂ ಇಲ್ಲ. ಇದು ಹೋಟ್ಲು ಜಾಹೀರಾತು.”

ರಾಧಾಮಣಿ ಅಂಗಡಿಯ ಮೆಟ್ಟಿಲ ಮೇಲೆಯೇ ಗಂಡನಿಗೆ ಫೋನು ಮಾಡಿದಳು. ಆ ಕಡೆಯಿಂದ ನರೇಶನ ದನಿ ಬೇಡವೆಂದರೂ ಕೇಳುವಷ್ಟು ಜೋರಾಗಿತ್ತು.

“ಅಮ್ಮ ಅಂದ್ರೆ ನಮ್ಮಮ್ಮ ಕಣೆ! ನಿಮ್ಮಮ್ಮನ್ನ ನಾನ್ಯಾವತ್ತು ಅಮ್ಮ ಅಂದಿದೀನಿ? ಅತ್ತಮ್ಮ ಅಂತೀನಲ್ವಾ? ಅವ್ರು ಇನ್ನೊಂದ್ಸಲ ಬರ್ಲಿ ಬಿಡು.”

ಯಾವತ್ತೂ ಅಂದಿಲ್ಲ, ನಿಜ. ನ್ಯಾಯಾಲಯದಲ್ಲಿ ಸಾಕ್ಷಿ ಹೇಳಬೇಕಾಗಿ ಬಂದರೆ ಮುನಿಶಾಮಮ್ಮನೇ ಹೇಳಬೇಕು.

ರಾಧಾಮಣಿಯ ಮುಖ ಬಾಡಿತು, ಕಣ್ಣು ತುಂಬಿತು. ಅದನ್ನು ನೋಡಿ ತಾಯಿಯ ಕರುಳು ತನ್ನ ಸಂಕಟ ಮರೆಯಿತು. ನನಗೋಸ್ಕರ ಅಳುವ ಜೀವ ಒಂದಾದರೂ ಇದೆಯಲ್ಲ. “ಬುಡವ್ವ, ಅಳ್ಬೇಡ” ಎಂದು ತಲೆ ಸವರಿದಳು.

“ಅಯ್ಯೋ ಅಮ್ಮ,” ರಾಧಾಮಣಿ ಮೂಗೆಳೆದಳು, “ನಿನ್ನ ಅದಿನೈದು ಕೇಜಿ ಓಯ್ತಲ್ಲಮ್ಮ! ಈಗ ಆ ಸಾಮಾನೆಲ್ಲ ಎಲ್ಲಿ ಆಕೋದು?”

ಕುಪ್ಪುಸ್ವಾಮಿ ಎರಡು ಹಾಳೆಯ ಕಾಸು ಕೇಳಿದ. ಜಾಹೀರಾತಿನ ಹಾಳೆಗೂ ಸೇರಿಸಿ.

ಮಾರನೆಯ ದಿನ ಅನಸೂಯಮ್ಮ ಉರಿಗಾಮಿನಿಂದ ಆಟೋದಲ್ಲಿ ಬಂದಿಳಿದಳು. ಜೊತೆಯಲ್ಲಿ ಚಕ್ರದ ಗಟ್ಟಿ ಸೂಟ್‌ಕೇಸು. “ಏನ್ ಬೀಗಿತ್ತಿಯೋರೇ, ನೀವೂ ಬರಂಗಿತ್ತಂತೆ?”

“ಇಲ್ಲಮ್ಮ, ವಿಮಾನ ನಂಗಾಗಲ್ಲ. ಕಿವಿ ನೋಯ್ತದಂತೆ.”

“ಅದೂ ನಿಜಾನೇ. ಅಭ್ಯಾಸ ಇರ್ಬೇಕು” ಎಂದಳು ಅನಸೂಯಮ್ಮ. ಅವಳೂ ಅದುವರೆಗೆ ಏರಿದ್ದ ಎತ್ತರವೆಂದರೆ ಬೆಂಗಳೂರು ರೈಲಿನ ಮೇಲಿನ ಬರ್ತು. “ನಿಮ್ ಕೈ ತಕ್ಕಡಿ ಅಂತಾರೆ, ನಂದೊಂಚೂರು ಎತ್ತಿ ನೋಡಿ.”

ಮುನಿಶಾಮಮ್ಮ ಎತ್ತಿದಳು. “ಅತ್ತೊಂಬತ್ತು.”

“ಅಂಗಾರೆ ನಾಲ್ಕು ತೆಗ್ದು ಮಕ್ಳ ಬ್ಯಾಗಿಗೆ ಆಕ್ಬುಡಿ. ನಿಮ್ಗೆ ಚೆನ್ನಾಗ್ ಬರ್ತದಲ್ಲ.”

ಹೀಗೆ ಸೋತ ಸೇನಾಪತಿಗೆ ಗೆದ್ದವನ ರಥ ತೊಳೆಯುವ ಕೆಲಸ ಬಂತು. ಸೂಟ್‌ಕೇಸು ತೆರೆದರೆ ಇಡ್ಲಿ ಪಾತ್ರೆ, ಅದರೊಳಗೆ ಚಕ್ಕುಲಿ ಡಬ್ಬ.

“ಮಗೀಗೆ ಇನ್ನೂ ಅಲ್ಲು ನೆಟ್ಟಗೆ ಮೂಡಿಲ್ಲ, ಚಕ್ಕುಲಿ ಯಾಕೆ?”

“ಮಗೀಗಲ್ಲಮ್ಮ, ನನ್ ಮಗಂಗೆ. ನರೇಶಂಗೆ ಚಕ್ಲಿ ಅಂದ್ರೆ ಪ್ರಾಣ.”

“ಓ, ಆ ಮಗೀಗಾ? ಅದ್ಕೆ ಅಲ್ಲು ಚೆನ್ನಾಗೇ ಅವೆ ಬುಡಿ.”

ಮೂರು ಬ್ಯಾಗು ಎರಡಾದವು. ಮೂವತ್ತು ಕೆಜಿಯಲ್ಲಿ ನಾಲ್ಕು ಇಡ್ಲಿ ಪಾತ್ರೆಗೆ ಹೋಯಿತು. ಸಾಂಬ್ರಾಣಿ ಬುಟ್ಟಿ ಹೊರಗೆ ಬಂತು. ಹಾಸುಬಟ್ಟೆ ಹತ್ತು ಹೊರಗೆ ಬಂದವು. ಅವಳ ಹಳೆಯ ಸೀರೆ ಮಡಿಸಿ ಹೊಲಿದಿದ್ದ ಚಿರುವಿನ ಹಾಸಿಗೆ ಹೊರಗೆ ಬಂತು. ರಾಗಿ ಹಿಟ್ಟನ್ನು ಮೂರು ಸಲ ಹೊರಗೆ ತೆಗೆದು ಮೂರು ಸಲ ಒಳಗಿಟ್ಟಳು. ಕೊನೆಗೆ ರಾಧಾಮಣಿಯೇ, “ಅಲ್ಲಿ ಡಬ್ಬದ್ದು ಸಿಗ್ತದಮ್ಮ” ಎಂದು ತೆಗೆದಿಟ್ಟಳು. ತಾಯಿಯ ಒಂದೂವರೆ ಕೆಜಿ ಎಲ್ಲಕ್ಕಿಂತ ಮೊದಲೇ ಹೊರಬಿದ್ದಿತ್ತು. ಅದನ್ನು ತೆಗೆದದ್ದು ಯಾರೆಂದು ಯಾರೂ ನೋಡಿರಲಿಲ್ಲ.

ಕೈಚೀಲ ತುಂಬುವಾಗ ಅವಳ ತಲೆಯಲ್ಲಿ ಒಂದು ಸೊಗಸಾದ ಪಾಪ ಸುಳಿಯಿತು. ಹಾಲಿನ ಬಾಟಲಿಯನ್ನು ಇಡ್ಲಿ ಪಾತ್ರೆಯ ಅಡಿಗೆ ತಳ್ಳಿಬಿಟ್ಟರೆ? ಅನಸೂಯಮ್ಮ ಆಕಾಶದ ಮಧ್ಯೆ ಬಾಯಿ ಬಾಯಿ ಬಿಡುವುದನ್ನು ನೆನೆದು ಐದು ನಿಮಿಷ ಸುಖಪಟ್ಟಳು. ಆದರೆ ಕೈ ಕೇಳಬೇಕಲ್ಲ. ಇಪ್ಪತ್ತೆರಡು ವರ್ಷ ಸರಿಯಾಗಿ ತುಂಬಿದ ಕೈ ತಾನಾಗಿಯೇ ಎಲ್ಲವನ್ನೂ ಇಡಬೇಕಾದಲ್ಲೇ ಇಟ್ಟಿತು. ಅವಳಿಂದಾದ ದ್ರೋಹ ಇಷ್ಟೇ: ಎಲ್ಲೆಲ್ಲಿ ಏನಿದೆ ಎಂದು ಬಾಯಿಬಿಡಲಿಲ್ಲ. ಕೇಳಿದರೆ ಹೇಳೋಣ ಎಂದು ಕಾದಳು. ಯಾರೂ ಕೇಳಲಿಲ್ಲ.

ಹನ್ನೆರಡನೆಯ ತಾರೀಕು ಬೆಳಿಗ್ಗೆ ಕಾರು ಬಂತು. ಏರ್‌ಪೋರ್ಟಿನ ಬಾಗಿಲವರೆಗಾದರೂ ಹೋಗಿ ಬರೋಣವೆಂದು ಮುನಿಶಾಮಮ್ಮ ಒಳ್ಳೆಯ ಸೀರೆ ಉಟ್ಟು ನಿಂತಿದ್ದಳು. ಡಿಕ್ಕಿ ತೆರೆದರೆ ಗ್ಯಾಸ್ ಸಿಲಿಂಡರು. ಸೂಟ್‌ಕೇಸು ಅದರ ಪಕ್ಕ ತೂರಿಕೊಂಡಿತು, ಒಂದು ಬ್ಯಾಗು ಡ್ರೈವರ್ ಪಕ್ಕಕ್ಕೆ ಹೋಯಿತು. ಇನ್ನೊಂದಕ್ಕೆ ಹಿಂದಿನ ಸೀಟಿನಲ್ಲಿ ಜಾಗ ಕೊಟ್ಟರು, ಅವಳು ಕೂರಬೇಕಾಗಿದ್ದಲ್ಲಿ. ಡ್ರೈವರು ಅದಕ್ಕೆ ಬೆಲ್ಟು ಕೂಡ ಹಾಕಿದ.

“ಫೋನ್ ಮಾಡ್ತೀನಮ್ಮ” ಎಂದಳು ರಾಧಾಮಣಿ, ದುಪಟ್ಟಾದಿಂದ ಕಣ್ಣೊರೆಸಿಕೊಂಡು. ಚಿರು ನಿದ್ದೆಯಲ್ಲಿದ್ದ. ತ್ರಿವೇಣಿ ಅತ್ತರೆ ಹೇಗೆ ಸಮಾಧಾನ ಮಾಡುವುದೆಂದು ಅಜ್ಜಿ ಎರಡು ದಿನದಿಂದ ಮಾತು ಜೋಡಿಸಿಟ್ಟಿದ್ದಳು. ತ್ರಿವೇಣಿ ಕಿಟಕಿ ಗಾಜು ಇಳಿಸುವ ಗುಂಡಿ ಒತ್ತುತ್ತಾ ಕೇಕೆ ಹಾಕುತ್ತಿದ್ದಳು. ಟಾಟಾ ಮಾಡಿದಳು, ಅಜ್ಜಿಗೂ, ಹಸುವಿಗೂ.

ಮಧ್ಯಾಹ್ನ ಎರಡೂವರೆಗೆ ಫೋನು ಬಡಿದುಕೊಂಡಿತು. ಮಕ್ಕಳು ನೆನೆಸಿಕೊಂಡವು! ಮುನಿಶಾಮಮ್ಮ ಓಡಿಹೋಗಿ ಎತ್ತಿದಳು. ಕಿವಿಗೆ ಬಿದ್ದದ್ದು ಚಿರುವಿನ ಆಕ್ರಂದನ, ಅದರ ಮೇಲೆ ಅನಸೂಯಮ್ಮನ ದನಿ.

“ಬೀಗಿತ್ತಿಯೋರೇ, ಬಾಟ್ಲಿ ಎಲ್ಲಿ ಮಡಗಿದೀರಿ? ವಿಮಾನದೊಳಗೆ ಕೂತ್ಬುಟ್ಟಿದೀವಿ. ರಾಧಾ ತ್ರಿವೇಣೀನ ಬಾತ್ರೂಮಿಗೆ ಕರ್ಕೊಂಡೋಗವ್ಳೆ. ಜನ ಎಲ್ಲ ತಿರುಗ್ ತಿರುಗಿ ನೋಡ್ತಾವ್ರೆ!”

ಮುನಿಶಾಮಮ್ಮ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು.

“ಅಲೋ? ನಾನು ಚಿರು ಅಜ್ಜಿ!”

“ಚಿರು ಅಜ್ಜಿ ಇಲ್ಲಿ ಅವ್ಳೆ. ನೀವ್ಯಾರು?”

ಮೂರು ಉಸಿರಿನಷ್ಟು ಕಾಲ ಮುನಿಶಾಮಮ್ಮ ಚಕ್ರವರ್ತಿನಿ. ನಾಲ್ಕನೆಯ ಉಸಿರಿಗೆ ಮಗು ಬಿಕ್ಕಿ ದನಿ ಒಡೆಯಿತು. ಸಾಮ್ರಾಜ್ಯ ಅಲ್ಲಿಗೆ ಬಿತ್ತು.

“ನೀಲಿ ಚೀಲ, ಮುಂದುಗಡೆ ಜೇಬು. ಟವಲ್ ಸುತ್ತಿದೀನಿ. ಪ್ಲಾಸ್ಕು ಅದ್ರ ಇಂದೇನೇ ಐತೆ. ಕೈಮ್ಯಾಲೆ ಒಂದು ತೊಟ್ಟು ಬುಟ್ಟು ನೋಡಿ ಮೊದ್ಲು. ಎಡಗಡೆ ಮಲಗಿಸ್ಬ್ಯಾಡಿ, ಕುಡಿಯಲ್ಲ. ಬೆನ್ನು ತಟ್ಟಿ, ಜೋರಾಗಲ್ಲ.”

ಗಡಿಬಿಡಿ, ಜಿಪ್ಪಿನ ಸದ್ದು, ಮತ್ತೆ ಅಳು. ಆಮೇಲೆ ಅಳು ನಿಂತಿತು. ಚೀಪುವ ಸದ್ದು ಸಣ್ಣಗೆ ಕೇಳಿದಂತಾಯಿತು.

“ಕುಡೀತಾವ್ನಾ? ತ್ರಿವೇಣಿ ವಾಂತಿ ಮಾಡುದ್ರೆ ಎಡಗಡೆ ಪ್ಲಾಸ್ಟಿಕ್ ಕವರ್ ಅವೆ. ಅವ್ಳ ಬಟ್ಟೆ ಅದ್ರ ಕೆಳ್ಗೆ, ಕೆಂಪುದು ಬ್ಯಾಡ, ಚುಚ್ತದೆ. ಬಿಸ್ಕೆಟ್ ಒಟ್ಟಿಗೆ ಕೊಡ್ಬ್ಯಾಡಿ, ಒಂದೊಂದೇ…”

ಬೀಡಿ ಕಚ್ಚಿಕೊಂಡು ಬಂದ ಚಿಕ್ಕವೆಂಕಟಪ್ಪ ಅವಳ ಕೈಯಲ್ಲಿದ್ದ ಫೋನಿನ ಕಪ್ಪು ಗಾಜನ್ನು ನೋಡಿದ. “ಯಾರ್ ಕೂಟೆ ಮಾತಾಡ್ತಿದೀಯ? ಅದು ಕಟ್ಟಾಗಿ ಬಾಳೊತ್ತಾಯ್ತು.”

“ತಡಿ,” ಎಂದಳು ಮುನಿಶಾಮಮ್ಮ, ಫೋನನ್ನು ಕಿವಿಯಿಂದ ತೆಗೆಯದೆ. “ಇನ್ನೂ ಅರ್ಧ ಚೀಲ ಐತೆ.”