ಪಲ್ಟಿ ಡ್ರೈವರು

ಬಸ್ಸಿನ ಸ್ಟಿಯರಿಂಗ್ ಹಿಡಿದೇ ಕೂದಲು ನರೆಸಿಕೊಂಡ ಈ ಮನುಷ್ಯನಿಗೆ ಬೀದಿಯವರು ಇಟ್ಟ ಹೆಸರು ಪಲ್ಟಿ ಡ್ರೈವರು. ಬಸ್ಸಿಗೆ ಒಂದು ಗೀರೂ ಬೀಳಿಸಿದವನಲ್ಲ; ಹೆಸರು ಬಂದದ್ದು ರಿಮೋಟಿನಲ್ಲಿ ಓಡುವ ಆಟದ ಟ್ರಕ್ಕಿನಿಂದ. ಹುಡುಗನಾಗಿದ್ದಾಗ ಅಣ್ಣನ ಜೊತೆ ಓಡಿಸಿ, ದುಡಿಮೆಗೆ ಬಿದ್ದ ಮೇಲೆ ಬಿಟ್ಟ ಆ ಹುಚ್ಚು ಈಗ ಮತ್ತೆ ಹತ್ತಿಕೊಂಡಿದೆ. ರಜೆಯ ದಿನ ಗರಿಗರಿ ಅಂಗಿ ತೊಟ್ಟು ಹಿತ್ತಲಿಗೆ ಬರುತ್ತಾನೆ. ಮಂಡಿಯೂರಿ ಟೈರುಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಾನೆ. ಹೊರಡುವಾಗ ಬಾಯಲ್ಲೇ ಹಾರನ್ ಹೊಡೆಯುತ್ತಾನೆ, ತಿರುವಿನಲ್ಲಿ ತಾನೂ ವಾಲುತ್ತಾನೆ, ಇರುವೆ ಸಾಲು ಅಡ್ಡ ಬಂದರೆ ಅದು ದಾಟುವ ತನಕ ಕಾಯುತ್ತಾನೆ. ಜಲ್ಲಿ ರಾಶಿ, ಕೆಸರು, ಒಡೆದ ಇಟ್ಟಿಗೆ, ಎಲ್ಲವನ್ನೂ ಟ್ರಕ್ಕು ನೀರು ಕುಡಿದಷ್ಟು ಸಲೀಸಾಗಿ ಹತ್ತಿಳಿಯುತ್ತದೆ. ಆಮೇಲೆ ಸಮತಟ್ಟು ನೆಲದಲ್ಲಿ, ಅಣ್ಣ ಕೂತಿರುವ ಕುರ್ಚಿಯ ಮುಂದೆ, ಧೊಪ್ಪನೆ ಪಲ್ಟಿ! "ಅಷ್ಟು ದೊಡ್ಡ ಬಸ್ಸು ಓಡಿಸ್ತೀರಿ, ಇದೊಂದು ಆಟದ ಗಾಡಿ ನಿಮ್ಮ ಕೈಗೆ ಬಗ್ಗಲ್ವಲ್ಲ," ಎಂದು ಹೆಂಡತಿ ಬಾಗಿಲಲ್ಲಿ ನಿಂತು ರೇಗಿಸುತ್ತಾಳೆ. ಅವನ ಹೆಬ್ಬೆರಳು ರಿಮೋಟಿನ ಕಡ್ಡಿಯನ್ನು ಪಟ್ಟನೆ ಪಕ್ಕಕ್ಕೆ ತಳ್ಳಿದ್ದು ಅವಳಿಗೆ ಕಾಣುವುದಿಲ್ಲ. "ನೆಲ ಸರಿ ಇಲ್ಲ ಕಣೇ," ಎನ್ನುತ್ತಾನೆ, ಆದರೆ ಗಾಡಿ ಎತ್ತಲು ಹೆಜ್ಜೆ ಕದಲಿಸುವುದಿಲ್ಲ. ಅಣ್ಣನಿಗೆ ಮರೆವಿನ ಕಾಯಿಲೆ. ಊಟ ಬಡಿಸುವ ತಮ್ಮನನ್ನೇ ದಿನವೂ "ನೀವು ಯಾರು?" ಎಂದು ಕೇಳುತ್ತಾನೆ. ಮಗುಚಿದ ಗಾಡಿಯ ಚಕ್ರಗಳು ಗಿರಗಿರ ತಿರುಗುವುದು ಕಂಡಾಗ ಮಾತ್ರ ಮೆಲ್ಲಗೆ ಬಾಗಿ, ಅದನ್ನು ನೆಟ್ಟಗೆ ನಿಲ್ಲಿಸಿ, ಧೂಳು ಊದಿ, ತಲೆಯೆತ್ತದೆಯೇ ಹೇಳುತ್ತಾನೆ: "ನಿಧಾನ ಕಣೋ ಪುಟ್ಟಾ."