ಪಾಸ್ ಸಾಹೇಬರ ಬಸ್ಕಿ

ಬೆಂಕಿಪೊಟ್ಟಣದ ಕಾರ್ಖಾನೆಯಲ್ಲಿ ಎಲ್ಲರಿಗೂ ಅವರು ಪಾಸ್ ಸಾಹೇಬರು. ಕಡ್ಡಿಗೆ ಮದ್ದು ಹಚ್ಚಿ, ಒಣಗಿಸಿ, ಪೊಟ್ಟಣಕ್ಕೆ ತುಂಬಿ, ತಳ್ಳುಗಾಡಿಯಲ್ಲಿ ಅವರ ಮೇಜಿನ ಮುಂದೆ ತಂದು ನಿಲ್ಲಿಸುತ್ತಾರೆ. ಸಾಹೇಬರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ರಾಶಿಯ ನಡುವಿನಿಂದ ಒಂದು ಪೊಟ್ಟಣ ಎಳೆದು, ಅದರಿಂದ ಒಂದು ಕಡ್ಡಿ ತೆಗೆದು ಗೀರುತ್ತಾರೆ. ಹೊತ್ತಿಕೊಂಡಿತೋ, "ಪಾಸ್!" ಇಡೀ ಗಾಡಿ ಪಾಸ್. ಇದರಲ್ಲಿ ತಪ್ಪೇನೂ ಇಲ್ಲ. ಎಲ್ಲ ಕಡ್ಡಿಯನ್ನೂ ಗೀರಿ ನೋಡುತ್ತಾ ಕೂತರೆ ಕೊನೆಗೆ ಮಾರುವುದಕ್ಕೆ ಉಳಿಯುವುದು ಬೂದಿ. ಎಡವಟ್ಟಾದದ್ದು ಎಲ್ಲಿ ಎಂದರೆ, ಈ ವಿದ್ಯೆಯನ್ನು ಅವರು ಕಾರ್ಖಾನೆಯ ಗೇಟಿನಲ್ಲೇ ಬಿಟ್ಟು ಬರಲಿಲ್ಲ. ಹೆಂಡತಿ ಏನಾದರೂ ಹೇಳಲು ಶುರುಮಾಡಿದರೆ ಮೊದಲ ಮಾತನ್ನು ಕೇಳಿ ಮಿಕ್ಕದ್ದನ್ನು ಪಾಸ್ ಮಾಡಿಬಿಡುತ್ತಿದ್ದರು.

ಅವರ ಮನೆ ಎರಡನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ತಾಯಿ, ಬೀದಿ ಕಡೆಯ ಕೋಣೆಯಲ್ಲಿ ಮಂಚ ಹಿಡಿದಿದ್ದರು. ಮೂಳೆ ಕೂಡಿತು, ಕಾಲು ಮಾತ್ರ ಏಳಲಿಲ್ಲ. ಬಾಯಿಗೆ ಏನೂ ಆಗಿರಲಿಲ್ಲ. ಬೆಳಿಗ್ಗೆ ಎತ್ತಿ ಗಾಲಿಕುರ್ಚಿಯಲ್ಲಿ ಕೂರಿಸಿ ಕಿಟಕಿಯ ಹತ್ತಿರ ಬಿಟ್ಟರೆ, ಕೆಳಗೆ ಹೋಗುವವರನ್ನೆಲ್ಲ ಕೂಗಿ ಮಾತಾಡಿಸುತ್ತಿದ್ದರು. ಯಾರ ಮನೆಯಲ್ಲಿ ಯಾರ ಮೇಲೆ ಯಾರು ಮುನಿಸಿಕೊಂಡಿದ್ದಾರೆ ಎಂಬುದರ ಲೆಕ್ಕವೆಲ್ಲ ಅವರ ನಾಲಿಗೆಯ ತುದಿಯಲ್ಲಿ. ಆ ಕಿಟಕಿ ಬಿಟ್ಟು ಬೇರೆಲ್ಲೂ ಹೋಗಲಾರೆ ಎನ್ನುತ್ತಿದ್ದರು.

ಎತ್ತುತ್ತಿದ್ದವನು ಕಿರಿಮಗ. ಬಸ್ ಡಿಪೋದ ಮೆಕ್ಯಾನಿಕ್, ಮದುವೆಯಿಲ್ಲ, ಟೈರು ಎತ್ತಿ ಪಳಗಿದ ತೋಳು. ಸೊಸೆಗೆ ಹೊಟ್ಟೆಯ ಆಪರೇಷನ್ ಆಗಿ, ತುಂಬಿದ ಬಿಂದಿಗೆಯನ್ನೂ ಎತ್ತಬಾರದು ಎಂದು ಡಾಕ್ಟರು ಹೇಳಿದ್ದರು. ಸಾಹೇಬರಿಗೆ ಅಂಥ ಅಡ್ಡಿ ಏನೂ ಇರಲಿಲ್ಲ. ಎತ್ತಿ ಅಭ್ಯಾಸವಿರಲಿಲ್ಲ, ಅಷ್ಟೇ.

ಹೀಗಿರುವಾಗ ಕಿರಿಯವನಿಗೆ ಬೇರೆ ಊರಿನ ಡಿಪೋಕ್ಕೆ ವರ್ಗವಾಯಿತು. "ಅಲ್ಲಿ ನೆಲಮಟ್ಟದ ಕ್ವಾರ್ಟರ್ಸ್ ಕೊಡ್ತಾರೆ. ಅಮ್ಮನ್ನ ನಾನೇ ಕರ್ಕೊಂಡು ಹೋಗ್ತೀನಿ" ಅಂದ. ಅಮ್ಮ ಕಿಟಕಿಯ ಕಡೆ ನೋಡಿದರು, ಮಾತಾಡಲಿಲ್ಲ. ಬಾಯಿ ಬಿಟ್ಟರೆ ಬೀದಿಗೆಲ್ಲ ಕೇಳುವಂತೆ ಮಾತಾಡುವ ಹೆಂಗಸು ಸುಮ್ಮನಾದದ್ದು ಕಂಡು ಸಾಹೇಬರ ಕರುಳು ಚುರ್ ಅಂದಿತು. ಅದು ನಿಜ, ಅದನ್ನು ನಾವು ಅವರಿಂದ ಕಿತ್ತುಕೊಳ್ಳುವುದು ಬೇಡ. "ಹಿರೀಮಗ ನಾನು ಬದುಕಿರೋವಾಗ ಅಮ್ಮ ಯಾಕೆ ಹೋಗ್ಬೇಕು? ನೀನು ಹೊರಡೋ ಹೊತ್ತಿಗೆ ನಾನೇ ಎತ್ತೋ ಹಾಗಾಗ್ತೀನಿ" ಎಂದು ಎದೆ ತಟ್ಟಿಕೊಂಡರು. ತಟ್ಟಿದ ರಭಸಕ್ಕೆ ಕೆಮ್ಮು ಬಂತು.

ಮೊಬೈಲಿನಲ್ಲಿ ಒಂದು ಮನೆ ವ್ಯಾಯಾಮದ ಕೋರ್ಸು ಸಿಕ್ಕಿತು. ದಿನಾ ಬಸ್ಕಿ, ದಂಡ, ಸೊಂಟ ಗಟ್ಟಿಮಾಡುವ ಇನ್ನಷ್ಟು ಕಸರತ್ತು. ಜಾಗವಿದ್ದದ್ದು ತಾಯಿಯ ಕೋಣೆಯಲ್ಲಿ ಮಾತ್ರ, ಆದ್ದರಿಂದ ಮಂಚದ ಮುಂದೆಯೇ ಚಾಪೆ ಬಿತ್ತು. ಸಾಹೇಬರು ಹೊಸ ಬನಿಯನ್ ತೊಟ್ಟು, ಹಣೆಗೆ ಪಟ್ಟಿ ಕಟ್ಟಿ, ದೀರ್ಘವಾಗಿ ಉಸಿರೆಳೆದು ಒಂದು ಬಸ್ಕಿ ಹೊಡೆದರು. ಸೊಗಸಾದ ಬಸ್ಕಿ. ಬೆನ್ನು ನೆಟ್ಟಗೆ, ಮಂಡಿ ಸರಿಯಾಗಿ. ಎದ್ದು ನಿಂತು ಟವೆಲಿನಿಂದ ಮುಖ ಒರೆಸಿಕೊಂಡು, "ಹೂಂ, ಪಾಸ್" ಎಂದು ದಂಡಕ್ಕೆ ಹೋದರು. ಅದೂ ಒಂದು.

"ಅವನು ಹದಿನೈದು ಅಂದ್ನಲ್ಲೋ ಮೊಬೈಲ್‌ನಲ್ಲಿ?" ಮಂಚದ ಮೇಲಿನಿಂದ ತಾಯಿ ಕೇಳಿದರು.

"ಒಂದು ಸರಿಯಾಗಿ ಬಂದ್ರೆ ಹದಿನೈದೂ ಸರಿಯಾಗಿ ಬಂದ ಹಾಗೇ ಅಮ್ಮ. ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಸಾಕಲ್ವಾ?"

"ಬೆಂದಿದೆ ಅಂತ ಗೊತ್ತಾಗುತ್ತೆ ಕಣೋ. ಹೊಟ್ಟೆ ತುಂಬಲ್ಲ."

ಸಾಹೇಬರು ನಕ್ಕು ಪರದೆಯ ಮೇಲೆ ಹಸಿರು ಗುರುತು ಒತ್ತಿದರು. ಹೀಗೆ ದಿನಕ್ಕೊಂದು ಹಸಿರು ಗುರುತು ಬಿದ್ದು ಕೋರ್ಸು ಮುಗಿಯಿತು. ಮೊಬೈಲಿನಲ್ಲಿ ಬಣ್ಣದ ಕಾಗದ ಉದುರಿ ಅಭಿನಂದನೆ ಬಂತು. ಅದರ ಕೆಳಗೆ ಎರಡು ಗುಂಡಿ: ಇದನ್ನೇ ಮತ್ತೆ ಮಾಡುವಿರಾ, ಹೊಸದನ್ನು ಆರಿಸುವಿರಾ?

ಅಂದು ಸಂಜೆ ಸಾಹೇಬರು ಮನೆಮಂದಿಯನ್ನೆಲ್ಲ ಕರೆದು ನಿಲ್ಲಿಸಿ, ತಾಯಿಯ ಬೆನ್ನಿನ ಕೆಳಗೊಂದು ಕೈ, ಮಂಡಿಯ ಕೆಳಗೊಂದು ಕೈ ಹಾಕಿ ಎತ್ತಿದರು. ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಕತ್ತಿನ ನರ ಎದ್ದಿತು. ತಾಯಿ ಏಳಲಿಲ್ಲ. ತಮ್ಮ ಓಡಿಬಂದು ಕೈ ಕೊಡದಿದ್ದರೆ ಮಗನೇ ತಾಯಿಯ ಮೇಲೆ ಬೀಳುತ್ತಿದ್ದರು.

"ಕೋರ್ಸೇ ಸರಿಯಿಲ್ಲ" ಅಂದರು ಸಾಹೇಬರು, ಏದುಸಿರು ಬಿಡುತ್ತಾ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

"ಬಿಡೋ ಮಗಾ, ನಾನೇ ಕೂತ್ಕೂತು ದಪ್ಪ ಆಗಿದೀನಿ" ಅಂದರು ತಾಯಿ.

ಆಮೇಲೆ ಶುರುವಾಯಿತು ನೋಡಿ ಸಾಹೇಬರ ನಿಜವಾದ ದುಡಿಮೆ: ಯೋಚನೆ. ಹಳೇ ಕೋರ್ಸನ್ನೇ ಮತ್ತೆ ಮಾಡುವುದೋ, ಬದಲಾಯಿಸುವುದೋ? ಹಳೆಯದನ್ನೇ ಮಾಡಿದರೆ ದೇಹಕ್ಕೆ ಅಭ್ಯಾಸವಾಗಿ ಪ್ರಯೋಜನವಿಲ್ಲ ಎನ್ನುತ್ತಾನೆ ಒಬ್ಬ ವಿಡಿಯೋದವನು. ಪದೇ ಪದೇ ಬದಲಾಯಿಸಿದರೆ ಯಾವುದೂ ಮೈಗೆ ಹತ್ತುವುದಿಲ್ಲ ಎನ್ನುತ್ತಾನೆ ಇನ್ನೊಬ್ಬ. ಇಬ್ಬರ ತೋಳೂ ಒಂದೇ ದಪ್ಪ. ಸಾಹೇಬರು ಆರಾಮಕುರ್ಚಿಯಲ್ಲಿ ಒರಗಿ, ಹೊಟ್ಟೆಯ ಮೇಲೆ ಮೊಬೈಲ್ ನಿಲ್ಲಿಸಿಕೊಂಡು, ಬೇರೆಯವರು ಬೆವರುವುದನ್ನು ಗಂಟೆಗಟ್ಟಲೆ ನೋಡಿದರು. ನೋಡಿ ನೋಡಿ ಸುಸ್ತಾಗಿ ಬೇಗ ಮಲಗುತ್ತಿದ್ದರು. ಚಾಪೆ ಸುರುಳಿ ಸುತ್ತಿಕೊಂಡು ಮೂಲೆ ಸೇರಿತು. ತೀರ್ಮಾನವಾಗದೆ ಶುರುಮಾಡುವುದು ಹೇಗೆ?

ತಮ್ಮ ಹೇಳಿದ: "ಅಣ್ಣ, ಯಾವುದಾದ್ರೂ ಮಾಡು. ಪೂರ್ತಿ ಮಾಡು."

"ನಿನಗೆ ಇದರ ಶಾಸ್ತ್ರ ಗೊತ್ತಿಲ್ಲ" ಅಂದರು ಸಾಹೇಬರು.

ಹೆಂಡತಿ ಬೇರೆ ವಿಷಯ ತೆಗೆದಳು. "ರೀ, ಅತ್ತೆ ಈಚೆಗೆ ಅರ್ಧ ತಟ್ಟೆ ಹಾಗೇ ಬಿಡ್ತಾರೆ. ಕೇಳಿದ್ರೆ ಹೊಟ್ಟೆ ಭಾರ ಅಂತಾರೆ. ರಾತ್ರಿ ಅಂತೂ..."

"ವಯಸ್ಸಾದ್ಮೇಲೆ ಹಸಿವು ಕಮ್ಮಿ ಕಣೇ" ಎಂದು ಅಲ್ಲಿಗೇ ಪಾಸ್ ಮಾಡಿ, ಸಾಹೇಬರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡರು.

ಕಿರಿಯವನು ಹೊರಡುವ ದಿನ ಬಂದೇಬಿಟ್ಟಿತು. ಬಾಗಿಲ ಬಳಿ ಎರಡು ಚೀಲ, ಅಮ್ಮನ ಬಟ್ಟೆ ತುಂಬಲು ಇನ್ನೊಂದು ಖಾಲಿ ಚೀಲ. ಸಾಹೇಬರ ತೀರ್ಮಾನ ಮಾತ್ರ ಇನ್ನೂ ಆಗಿರಲಿಲ್ಲ. ಖಾಲಿ ಚೀಲ ಕಂಡು ಅವರಿಗೆ ನಾಚಿಕೆಯೂ ಆಯಿತು, ಭಯವೂ ಆಯಿತು. "ಇರು, ಒಂದು ಸಲ ನೋಡ್ತೀನಿ" ಎಂದು ಕೋಣೆಗೆ ಹೋಗಿ, ಕಣ್ಣು ಮುಚ್ಚಿಕೊಂಡು, ತಾಯಿಯ ಕೆಳಗೆ ಎರಡೂ ಕೈ ಹಾಕಿದರು.

ತಾಯಿ ಎದ್ದರು!

ಅಷ್ಟೇನೂ ಕಷ್ಟವಿಲ್ಲದೆ ಎದ್ದರು. ಸಾಹೇಬರು ಅವರನ್ನು ಕುರ್ಚಿಗೆ ಇಳಿಸಿ, ನಂಬಲಾರದೆ ತಮ್ಮ ತೋಳನ್ನೇ ಮುಟ್ಟಿ ನೋಡಿಕೊಂಡರು. ತಾಯಿಯ ಮುಖ ಅರಳಿತ್ತು. "ನೋಡಿದ್ಯಾ, ನನ್ನ ಹಿರೀಮಗ ಎತ್ತಿದ!" ಎಂದು ಕಿರಿಯವನಿಗೆ ಹೇಳಿದರು. ಸಾಹೇಬರು ಉಬ್ಬಿ ಪೂರಿಯಾದರು. ಮೊಬೈಲ್ ಹೊರಗೆ ಬಂತು.

"ಗೊತ್ತಾಯ್ತು! ಕೋರ್ಸು ಕೆಟ್ಟದ್ದಲ್ಲ, ಅದು ನಿಧಾನಕ್ಕೆ ಕೆಲಸ ಮಾಡುತ್ತೆ. ಒಳಗೊಳಗೇ ಬಲ ಕೂಡಿದೆ. ಬದಲಾಯಿಸೋದು ಬೇಡ, ಅದನ್ನೇ ಮತ್ತೆ ಮಾಡ್ತೀನಿ" ಎಂದು ಗುಂಡಿ ಒತ್ತಲು ಬೆರಳೆತ್ತಿದರು.

"ಅಣ್ಣ" ಅಂದ ತಮ್ಮ. ದನಿ ಗಡುಸಾಗಿತ್ತು. "ನಿನಗೆ ಬಲ ಬಂದಿಲ್ಲ. ಅಮ್ಮ ಇಳಿದುಹೋಗಿದ್ದಾಳೆ. ದಿನಾ ಎತ್ತೋನು ನಾನು, ನನಗೆ ಗೊತ್ತಾಗಲ್ವಾ? ಇವಳ ತೋಳು ನೋಡು, ಬಳೆ ಮೊಣಕೈ ದಾಟುತ್ತೆ."

"ಸುಮ್ನಿರೋ. ಯಾರಿಗೂ ಹೇಳಲ್ಲ ಅಂತ ನಿನ್ನ ಕೈಲಿ ಆಣೆ ಹಾಕಿಸ್ಕೊಂಡಿದ್ದೆ" ಅಂದರು ತಾಯಿ.

"ನೀನು ಊಟ ಬಿಟ್ಟು ಸಾಯ್ಲಿ ಅಂತ ಆಣೆ ಹಾಕಿರಲಿಲ್ಲಮ್ಮ ನಾನು."

ಸಾಹೇಬರ ಬೆರಳು ಗಾಳಿಯಲ್ಲೇ ನಿಂತಿತು. "ಯಾಕಮ್ಮ?" ಎಂದರು. ಈ ಸಲ ಉತ್ತರವನ್ನು ಪೂರ್ತಿ ಕೇಳಿದರು.

"ಇನ್ನೇನು ಮಾಡ್ಲೋ? ನೀನು ಬಲ ಹೆಚ್ಚಿಸ್ಕೊಳ್ಳೋದು ಕಾಣಿಸ್ಲಿಲ್ಲ. ನನಗೆ ಈ ಕಿಟಕಿ ಬಿಟ್ಟು ಹೋಗೋಕೆ ಮನಸ್ಸಿಲ್ಲ. ನಿನಗಾಗೋದಿಲ್ಲ ಅಂತ ಬೀದಿಯವರ ಮುಂದೆ ಹೇಳೋಕೂ ಮನಸ್ಸಿಲ್ಲ. ನನ್ನ ಕೈಲಿ ಆಗೋದು ಇದೊಂದೇ. ಹಸಿವಾಗ್ತಿತ್ತು. ನೀರು ಕುಡಿದು ಮಲಗ್ತಿದ್ದೆ."

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ಅಡುಗೆಮನೆಗೆ ಹೋಗಿ ತಟ್ಟೆ ತುಂಬಿಸಿ ತಂದಳು. ಸಾಹೇಬರು ಅದನ್ನು ಕಸಿದುಕೊಂಡು, ಗಾಲಿಕುರ್ಚಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ತುತ್ತು ಕಲೆಸಿ ತಾಯಿಯ ಬಾಯಿಯ ಹತ್ತಿರ ಹಿಡಿದರು. ತಾಯಿ ಬಾಯಿ ತೆರೆಯಲಿಲ್ಲ.

"ತಿಂತೀನಿ. ತಿಂದ್ರೆ ಭಾರ ಆಗ್ತೀನಿ. ಆಮೇಲೆ ಎತ್ತೋದು ಯಾರು?"

"ನಾನೇ ಅಮ್ಮ."

"ಬಾಯಲ್ಲಿ ಹೇಳ್ಬೇಡ. ತಟ್ಟೆ ಅವಳಿಗೆ ಕೊಡು. ನೀನು ಎದ್ದು ನಿಂತು ಬಸ್ಕಿ ಹೊಡಿ. ನೀನು ಹೊಡೆದಷ್ಟು ತುತ್ತು ನಾನು ತಿಂತೀನಿ. ಇವತ್ತೂ ಅಷ್ಟೇ, ನಾಳೇನೂ ಅಷ್ಟೇ."

ತಮ್ಮ ಖಾಲಿ ಚೀಲವನ್ನು ಕೈಯಲ್ಲೇ ಹಿಡಿದು ಬಾಗಿಲಿಗೆ ಒರಗಿ ನಿಂತ. ಬಸ್ಸಿಗೆ ಇನ್ನೂ ಹೊತ್ತಿತ್ತು.

ಸಾಹೇಬರು ಪ್ಯಾಂಟಿನಲ್ಲೇ, ಚಪ್ಪಲಿಯಲ್ಲೇ ಒಂದು ಬಸ್ಕಿ ಹೊಡೆದರು. ತಾಯಿ ಒಂದು ತುತ್ತು ತಿಂದರು. ಇನ್ನೊಂದು ಹೊಡೆದರು, ಇನ್ನೊಂದು ತಿಂದರು. ಆರನೆಯದಕ್ಕೆ ಮಂಡಿ ಕಟಕಟ ಅಂದಿತು. ಏಳನೆಯದಕ್ಕೆ ಮಂಚದ ಕಂಬಿ ಹಿಡಿದು ಹೇಗೋ ಎದ್ದು ನಿಂತರು. ಬೆವರು ಕಣ್ಣಿಗಿಳಿಯಿತು, ಉಸಿರು ಸಿಗಲಿಲ್ಲ. ತಟ್ಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹಾಗೇ ಇತ್ತು.

ಸೊಸೆ ತುತ್ತು ಹಿಡಿದೇ ಇದ್ದಳು. ತಾಯಿಯ ಕಣ್ಣು ತುತ್ತಿನ ಮೇಲಿತ್ತು, ಬಾಯಿ ಮುಚ್ಚಿತ್ತು.

ಸಾಹೇಬರು ಕಂಬಿಯಿಂದ ಕೈ ಬಿಟ್ಟು ಮತ್ತೆ ಬಗ್ಗಿದರು.