ಅಬ್ಬೋಲಿ ದಂಡೆಯ ಮುಂದೆ ಎರಡು ಕ್ಯಾಮರಾ

ಹಬ್ಬುವಾಡದ ನಮ್ಮ ಮನೆಯ ನಡುಕೋಣೆಯಲ್ಲಿ ಆ ಮಧ್ಯಾಹ್ನ ಮೂವರೇ ಇದ್ದೆವು: ಮದುವೆ ಫೋಟೋ ತೆಗೆದು ಬದುಕುವ ನಾನು, ನನ್ನ ಜೊತೆ ವಿಡಿಯೋ ತೆಗೆಯುವ ಹೆಂಡತಿ, ಹಟ್ಟಿಕೇರಿಯಿಂದ ಬಂದಿದ್ದ ಚಿಕ್ಕಮ್ಮ. ಮೇಜಿನ ಮೇಲೆ ಎರಡು ಫುಲ್‌ಫ್ರೇಮ್ ಕ್ಯಾಮರಾ. ಪರಿಚಯದ ಅಂಗಡಿಯವನು ನೋಡಲೆಂದು ಕೊಟ್ಟವು. ಸಂಜೆಯೊಳಗೆ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಮರಳಿಸಬೇಕು. ಮೊದಲನೆಯದು ಭಾರ, ಕೈ ಅಲುಗಿದರೂ ಒಳಗೇ ಸರಿಪಡಿಸಿಕೊಳ್ಳುತ್ತದೆ. ಎರಡನೆಯದಕ್ಕೆ ಆ ಸವಲತ್ತಿಲ್ಲ, ಆದರೆ ಹಗುರ, ಬಣ್ಣವೂ ಚೆಂದ.

ನಮ್ಮ ಕಡೆ ಹಿರಿಯರಿರುವ ಮನೆಗಳಲ್ಲಿ ದೇವರ ಕೋಣೆಯೊಳಗೆ ಫ್ಲ್ಯಾಶ್ ಹೊಡೆಯಲು ಬಿಡುವುದಿಲ್ಲ. ಮದುಮಗಳು ದೀಪದೆದುರು ಕೈಮುಗಿಯುವ ಫೋಟೋವನ್ನು ಇದ್ದ ಬೆಳಕಿನಲ್ಲೇ, ಉಸಿರು ಬಿಗಿಹಿಡಿದು ತೆಗೆಯಬೇಕು. ಅದಕ್ಕೇ ನನ್ನ ಗುರುಗಳು ಯಾವ ಕ್ಯಾಮರಾ ಕೊಳ್ಳುವ ಮೊದಲೂ ಕಿಟಕಿ ಮುಚ್ಚಿ ಅಬ್ಬೋಲಿ ದಂಡೆಯ, ಅಂದರೆ ಮುಡಿಯುವ ಕನಕಾಂಬರದ ಮಾಲೆಯ, ಫೋಟೋ ತೆಗೆದು ನೋಡುತ್ತಿದ್ದರು. ಎಸಳು ಬಿಡಿಬಿಡಿಯಾಗಿ ಕಂಡರೆ ಪಾಸು.

ಚಿಕ್ಕಮ್ಮ ದಂಡೆ ಮುಡಿದು ಬೆನ್ನು ತಿರುಗಿಸಿ ಕೂತಳು. ಮೊದಲನೆಯದರಲ್ಲಿ ಎಸಳೆಲ್ಲ ಸ್ಪಷ್ಟ. ಎರಡನೆಯದರಲ್ಲಿ ಬರೀ ಕೇಸರಿ ಮುದ್ದೆ. ಆರು ಸಲ ತೆಗೆದೆ, ಆರು ಸಲವೂ ಮುದ್ದೆಯೇ.

"ಈ ಕ್ಯಾಮರಾ ಪ್ರಯೋಜನ ಇಲ್ಲ" ಅಂದೆ.

"ಕುಣೀಲಿಕ್ಕೆ ಬರದವಳಿಗೆ ಅಂಗಳ ಡೊಂಕಂತೆ" ಅಂದಳು ಚಿಕ್ಕಮ್ಮ. "ಬೇಗ ಮುಗಸೋ ತಮ್ಮಾ, ಕುತ್ತಿಗೆ ಹಿಡೀತದೆ. ನಂಗೆಂತ ಮತ್ತೊಂದ್ಸಲ ಮದ್ವೆ ಮಾಡ್ಸ್ತ್ಯ?"

ಹೆಂಡತಿ ನಗಲಿಲ್ಲ. ಅದೇ ಕ್ಯಾಮರಾ ಇಸಿದುಕೊಂಡು, ನಾನು ನಿಂತಲ್ಲೇ ನಿಂತು, ಏನನ್ನೂ ಬದಲಿಸದೆ ಒಂದೇ ಒಂದು ತೆಗೆದಳು. ಎಸಳಷ್ಟೇ ಅಲ್ಲ, ಬಾಳೆನಾರಿನ ಗಂಟೂ ಕಾಣುತ್ತಿತ್ತು.

"ಎಷ್ಟು ದಿನದಿಂದ ಇದು?" ನನ್ನ ಕೈ ನೋಡುತ್ತ ಕೇಳಿದಳು.

ಬಲಗೈಯನ್ನು ಲುಂಗಿಯ ಮಡಿಕೆಯಲ್ಲಿ ಅಡಗಿಸಿದೆ. ಚೌತಿಯಿಂದಲೇ ನಡುಗುತ್ತಿತ್ತು, ಚಹಾದ ಲೋಟವನ್ನು ಎಡಗೈಯಲ್ಲಿ ಹಿಡಿಯುವ ರೂಢಿ ಮಾಡಿಕೊಂಡಿದ್ದೆ. "ಮೊದಲನೇದನ್ನೇ ಇಟ್ಕೊಳ್ಳುವ" ಎಂದೆ. "ಅದರಲ್ಲಿ ಗೊತ್ತಾಗುದಿಲ್ಲ."

"ಯಾರಿಗೆ ಗೊತ್ತಾಗುದಿಲ್ಲ? ನಡುಕ ಇನ್ನೂ ಜಾಸ್ತಿಯಾದ್ರೆ ಅದೂ ಮುಚ್ಚಿಡುದಿಲ್ಲ."

ಚಿಕ್ಕಮ್ಮ ತಿರುಗಿ, ನನ್ನ ಕೈಯನ್ನು ಹೊರಗೆಳೆದು ತನ್ನ ಮಡಿಲಲ್ಲಿಟ್ಟುಕೊಂಡಳು. ಅಲ್ಲಿಯೂ ಅದು ಸುಮ್ಮನಿರಲಿಲ್ಲ. "ಡಾಕ್ಟರಿಗೆ ತೋರಸಿದ್ಯೇನೋ?"

ಇಲ್ಲವೆಂದು ತಲೆಯಾಡಿಸಿದೆ. ತೋರಿಸಿದರೆ ಅವರು ಅದಕ್ಕೊಂದು ಹೆಸರು ಹೇಳುತ್ತಾರಲ್ಲ, ಅದೇ ಹೆದರಿಕೆ.

"ದೇವರ ಕೋಣೇದು ಇನ್ಮೇಲೆ ನಾ ತೆಗೀತೆ" ಅಂದಳು ಹೆಂಡತಿ. "ನಂಗೆ ಹಗೂರದ್ದೇ ಸಾಕು. ಆದ್ರೆ ನೀವು ನಾಳೆನೇ ಡಾಕ್ಟರ ಹತ್ರ ಬರ್ಬೇಕು."

ಸಂಜೆ ಭಾರದ್ದನ್ನು ಮರಳಿಸಿದೆವು.

ಹತ್ತು ದಿನಕ್ಕೆ ಸುಂಕಸಾಳದಲ್ಲಿ ಮದುವೆ. ಮದುಮಗಳು ದೀಪದೆದುರು ಕೂತಾಗ ಹೆಂಡತಿ ಕ್ಯಾಮರಾ ಹಿಡಿದು ಒಳಗೆ ಹೋದಳು. ನಾನು ಬಾಗಿಲಲ್ಲಿ ನಿಂತು, ಅಡ್ಡ ಬರುತ್ತಿದ್ದವರನ್ನು ಬದಿಗೆ ಸರಿಸಿದೆ.